ಐದು ಒಡೀತಾವ್ರಿ

ಐವತ್ತೆರಡರಲ್ಲಿ ಮೂವತ್ತೇಳು ಕಳೆದರೆ?
ಹದಿನಾರು ವರ್ಷದಿಂದ ಹೇಳಿದ್ದನ್ನೇ ಹೇಳಿದೆ:
ಎರಡರಲ್ಲಿ ಏಳು ಹೋಗುವುದಿಲ್ಲ.
ಪಕ್ಕದ ಮನೆ ಐದರ ಬಾಗಿಲು ಬಡಿಯಿರಿ,
ಹತ್ತು ಕಡ ತನ್ನಿ.

ಎರಡನೇ ಸಾಲಿನಲ್ಲಿ ಸಬೀಹಾ ಎದ್ದಳು.
"ಹೋಗ್ತಾವ್ರಿ ಟೀಚರ್.
ಎರಡರಾಗ ಏಳು ಹೋಗ್ತಾವ.
ಐದು ಒಡೀತಾವ್ರಿ, ಅಷ್ಟೇ."

ಇಡೀ ತರಗತಿ ನಕ್ಕಿತು. ನಾನೂ.

ಅವಳ ನೋಟ್‌ಬುಕ್ಕಿನಲ್ಲಿ ಎರಡು, ಅದರ ಬಲಕ್ಕೆ ಐದು,
ಐದರ ನೆತ್ತಿಯ ಮೇಲೆ ಸಣ್ಣ ಕಮಾನು.
ಉಸ್ಮಾನ್ ಗಂಜಿನಲ್ಲಿ ಅವಳ ನಾನಿಯ ಬಳೆಯಂಗಡಿ;
ಡಬ್ಬಿಗಳ ಮೇಲೆ ನಾನಿ ಹೀಗೇ ಗೀಚುತ್ತಾಳಂತೆ,
ಬಂದದ್ದಿಷ್ಟು, ಒಡೆದದ್ದಿಷ್ಟು:
ಅಂಕಿಯ ಮೇಲೊಂದು ಬಳೆಚೂರು.

ಎರಡು ಹತ್ತು. ಅದರಲ್ಲಿ ಐದು ಚೂರು.
ಹದಿನೈದು.

ಉತ್ತರ ಸರಿ, ಬರೆದದ್ದು ತಪ್ಪು ಎಂದು
ಕೆಂಪು ಗೀಟು ಎಳೆದೆ.
ಹೆಡ್‌ಮಾಸ್ತರ್ ಝರೆಪ್ಪನವರು ಕನ್ನಡಕ ಏರಿಸಿ ನೋಡಿದರು.
"ಇದು ಯಾವ ಪುಸ್ತಕದಾಗ ಅದ?"
ಯಾವುದರಾಗೂ ಇಲ್ರಿ, ಅಂದೆ.
"ಮತ್ತ ಇದು ಲೆಕ್ಕ ಹ್ಯಾಂಗ ಆಯ್ತು?"

ರಾತ್ರಿ ಕರೆಂಟು ಹೋಗಿತ್ತು. ಬೀದರಿನ ಸೆಕೆ.
ಮೊಬೈಲಿನ ಬೆಳಕಲ್ಲಿ, ಹಾಲಿನ ಚೀಟಿಯ ಹಿಂದೆ
ನಾನೂರ ಮೂರರಲ್ಲಿ ನೂರಾ ಎಪ್ಪತ್ತೆಂಟು ಕಳೆಯಲು ಕೂತೆ.
ಮೂರರ ಪಕ್ಕದ ಮನೆ ಸೊನ್ನೆ.
ಬರಿಗೈ ಸೊನ್ನೆ ಕಡ ಕೊಡಲು
ತಾನೇ ಮೊದಲು ನಾಲ್ಕರ ಹೊಸ್ತಿಲಿಗೆ ಹೋಗಿ ನಿಲ್ಲಬೇಕು.
ಭಾಲ್ಕಿಯಲ್ಲಿ ಮೂರನೇ ತರಗತಿಯಲ್ಲಿ
ಇದೇ ಸೊನ್ನೆಗಾಗಿ ನನ್ನ ಕಿವಿ ಹಿಂಡಿದ್ದರು.
ಸೊನ್ನೆಯ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಅವಳ ಹಾಗೆ ಬರೆದೆ:
ಮೂರು. ಏಳು ಚೂರು. ಐದು ಚೂರು.
ಮುನ್ನೂರರಲ್ಲಿ ಎಪ್ಪತ್ತು, ಮತ್ತೆ ಐದು.
ಇನ್ನೂರ ಇಪ್ಪತ್ತೈದು.
ಯಾರೂ ಯಾರ ಬಾಗಿಲಿಗೂ ಹೋಗಲಿಲ್ಲ.

ಹತ್ತೊಂಬತ್ತು ಅವಳ ಮನೆಯಲ್ಲಿ ಉನ್ನೀಸ್,
ಇಪ್ಪತ್ತಕ್ಕೆ ಒಂದು ಕಮ್ಮಿ.
ಅವರದು ಹಾಗೆ, ನಮ್ಮದು ಹೀಗೆ ಅಂದುಕೊಂಡವಳು
ಯಾಕೋ ಒಂಬತ್ತು ಎಂದು ಮೆಲ್ಲಗೆ ಹೇಳಿ ನೋಡಿದೆ.
ಒಂ. ಪತ್ತು.
ಹತ್ತಕ್ಕೆ ಒಂದು ಒಡೆದದ್ದು!
ಇಷ್ಟು ವರ್ಷ ನನ್ನ ಬಾಯಲ್ಲೇ ಇತ್ತು ಆ ಚೂರು,
ನಾಲಗೆಗೆ ಒಮ್ಮೆಯೂ ಚುಚ್ಚದೆ.

ಮರುದಿನ ಹಾಜರಿ ಮೂವತ್ತೆಂಟು.
ಮೂರು ಎಂಟು ಎಂದು ಬರೆದರೆ
ಬಾರದವರು ಎಲ್ಲಿಯೂ ಕಾಣುವುದಿಲ್ಲ.
ಬೋರ್ಡಿನ ಮೂಲೆಯಲ್ಲಿ ನಾಲ್ಕು ಬರೆದೆ,
ಪಕ್ಕದಲ್ಲಿ ಎರಡು, ಎರಡರ ಮೇಲೆ ಬಳೆಚೂರು.
ನಲವತ್ತು ಮಕ್ಕಳು. ಅದರಲ್ಲಿ ಓಲ್ಡ್ ಸಿಟಿಯ ಅವಳಿ ಹುಡುಗರು
ಗಂಟಲುಬಾವು ಬಂದು ಮನೆಯಲ್ಲಿ.

ಝರೆಪ್ಪನವರು ಕಿಟಕಿಯಿಂದಲೇ ಓದಿಕೊಂಡು ಹೋದರು.
ಮಧ್ಯಾಹ್ನ ನಲವತ್ತೆರಡು ಮೊಟ್ಟೆ ಬೆಂದವು.

"ನಾಲ್ಕು ಉಳದಾವ್ರಿ," ಶಿವಗಂಗಮ್ಮ ಸೌಟು ಹಿಡಿದು ನಿಂತಳು,
"ಯಾರ ಲೆಕ್ಕಕ್ಕ ಹಾಕಲಿ?"
ಝರೆಪ್ಪನವರು ನನ್ನನ್ನು ನೋಡಿದರು:
"ಹೊಸಾವ ಇಬ್ಬರು ಸೇರ್ಯಾರ ಅಂದ್ಕೊಂಡೆ.
ಆ ಮ್ಯಾಲಿಂದು ಸುಣ್ಣ ಸಿಡದದ್ದು ಅಂತ ಬಿಟ್ಟೆ."

ನಾನು ಏನೂ ಹೇಳಲಿಲ್ಲ.
ಕಟ್ಟೆಯ ಮೇಲೆ ಸಬೀಹಾ ಮೊಟ್ಟೆ ಸುಲಿಯುತ್ತಿದ್ದಳು.
ನಮ್ಮ ಮಾತು ಕೇಳಿಸಿತೋ ಇಲ್ಲವೋ,
ಅರ್ಧ ಚಿಪ್ಪನ್ನು ತಟ್ಟೆಯ ಅಂಚಿಗೆ
ಬೋರಲು ಇಟ್ಟಳು.