ನೂರಾ ಹನ್ನೆರಡನೆಯ ಸೆಂಟಿಮೀಟರು

ಕೋರಮಂಗಲ, ಮೂರನೆಯ ಮಹಡಿ, ತಣ್ಣನೆ ಕೋಣೆ.
ನಾಲ್ಕು ಡಿಗ್ರಿಯಲ್ಲಿ ಮಲಗಿದೆ
ಉತ್ತರದ ತುತ್ತತುದಿಯ ಒಂದು ಕೆರೆಯ ತಳ:
ಒಂದೂವರೆ ಮೀಟರು ಕೆಸರು, ಕೊಳವೆಯೊಳಗೆ.
ಫಿಲೋಮಿನಾ ಮೇಡಂ ಹಿಮದ ಮೇಲೆ ಮೊಣಕಾಲೂರಿ
ಕೊರೆದು ತಂದದ್ದು.
ಬೆಲೆಯೆಷ್ಟು ಎಂದನಂತೆ ಕಸ್ಟಮ್ಸಿನವನು.
ಬರೆದುಕೊಟ್ಟರಂತೆ: ಮಣ್ಣು. ಸೊನ್ನೆ ರೂಪಾಯಿ.

ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದ್ದೇವೆ.
ಒಂದು ಕಾಪಿಡಲು, ಅದಕ್ಕೆ ಬೀಗ.
ಒಂದು ಕೊಯ್ಯಲು, ಅದಕ್ಕೆ ನಾನು.
ಸೆಂಟಿಮೀಟರಿಗೊಂದು ಬಿಲ್ಲೆ,
ಬಿಲ್ಲೆಗೆ ಹೆಚ್ಚುಕಡಿಮೆ ನಲವತ್ತು ವರ್ಷ.
ಬುತ್ತಿ ಬಿಚ್ಚುವ ಹೊತ್ತಿಗೆ
ಆರುನೂರು ವರ್ಷ ಹಿಂದೆ ಹೋಗಿರುತ್ತೇನೆ;
ಮುದ್ದೆ ನುಂಗಿ, ಕೈ ತೊಳೆದು
ಮತ್ತೆ ಇಳಿಯುತ್ತೇನೆ.

ಕಾಯಿಸಿ, ಜರಡಿ ಹಿಡಿದು
ಕನ್ನಡಿಯ ಕೆಳಗೆ ಹುಡುಕುವುದು ತಲೆಗಳನ್ನು.
ಕಚ್ಚದ ಸೊಳ್ಳೆಯ ಮರಿಹುಳದ ತಲೆ,
ರಾಗಿಕಾಳಿನ ಹತ್ತರಲ್ಲೊಂದು ಪಾಲು,
ಜೇನಿನ ಬಣ್ಣ, ಬಾಚಣಿಗೆಯಂಥ ಹಲ್ಲು.
ಮೈ ಕರಗಿದರೂ ಹಲ್ಲು ಉಳಿಯುತ್ತದೆ, ಹೇಳುತ್ತದೆ:
ಇವನು ಚಳಿಯವನು, ಇವನು
ಇಷ್ಟೇ ಇಷ್ಟು ಬಿಸಿಲು ಬೇಡಿದವನು.
ಐವತ್ತು ತಲೆ ಸಿಕ್ಕರೆ ಒಂದು ಜುಲೈ ಸಿಕ್ಕಂತೆ.
ಪುಸ್ತಕದಲ್ಲಿ ಬರೆಯುತ್ತೇನೆ: ಆರೂವರೆ ಡಿಗ್ರಿ.
ಯಾರೂ ಬೆವರದ, ಯಾರೂ ಹೆಸರಿಡದ ಆಷಾಢ.

ಅಗರದ ಕೆರೆಗೆ ನಮ್ಮ ತಾತ ಪಿಳ್ಳಪ್ಪ ನೀರುಗಂಟಿ.
ತೂಬಿನ ಬಾಯಲ್ಲಿ ಮುಳುಗಿ ಎದ್ದು
ಅಂಗೈಯ ಹೂಳು ಮೂಸಿ ಹೇಳುತ್ತಿದ್ದನಂತೆ,
ಇದು ಕೋಡಿ ಬಿದ್ದ ವರ್ಷದ್ದು,
ಇದು ಪ್ಲೇಗಿನ ವರ್ಷದ್ದು.
ಸುಳ್ಳಿರಬಹುದು. ಕುಡಿಯುತ್ತಿದ್ದ.
ಆದರೆ ಯಾರ ಗದ್ದೆಗೆ ಎಷ್ಟು ನೀರೆಂಬ ಲೆಕ್ಕದಲ್ಲಿ
ಒಂದು ದಿನವೂ ತಪ್ಪಿದವನಲ್ಲ.
ನಾನೂ ಮೂಸಿದೆ, ಮೇಡಂ ಇಲ್ಲದಾಗ.
ಕೊಳೆತ ಮೊಟ್ಟೆ, ಒದ್ದೆ ಕಬ್ಬಿಣ.
ಅಲ್ಲಿಯದೂ ಅಗರದ್ದೂ ಒಂದೇ ವಾಸನೆ.

ಈಗ ಹೇಳಬೇಕಾದದ್ದು.
ಮೇ ತಿಂಗಳು. ಆಲಿಕಲ್ಲು ಮಳೆ. ಕರೆಂಟು ಹೋಯಿತು.
ಜನರೇಟರು ಕೆಮ್ಮಿ ಕೆಮ್ಮಿ ಹಿಡಿಯುವಷ್ಟರಲ್ಲಿ
ಮೊಣಕೈ ತಾಗಿ ಜರಡಿ ಮಗುಚಿತು ಸಿಂಕಿಗೆ.
ನಲ್ಲಿ ತೆರೆದೇ ಇತ್ತು.
ನಲವತ್ತು ಚಳಿಗಾಲ, ನಲವತ್ತು ಬೇಸಿಗೆ
ಗುಳುಗುಳು ಎಂದು ಇಳಿದುಹೋದವು.
ಬೆಳಕು ಬಂದಾಗ ಅಂಚಿಗೆ ಏನೋ ಅಂಟಿತ್ತು,
ಒಂದು ತಲೆಯೋ, ಕಾಫಿಪುಡಿಯೋ.

ಬರೆದೆ: ೧೧೨. ತಲೆಗಳು ಸಿಗಲಿಲ್ಲ.
ಸುಳ್ಳಲ್ಲ,
ಹುಡುಕಲೇ ಇಲ್ಲ ಎಂಬುದೊಂದು ಬಿಟ್ಟರೆ.
ಮೇಡಂ ನಕ್ಷೆಯಲ್ಲಿ ಅಲ್ಲೊಂದು ಚುಕ್ಕಿಗೆರೆ ಎಳೆದರು.
ಕರಡಿನಲ್ಲಿ ಒಂದು ಸಾಲು ಸೇರಿತು:
ಈ ಅವಧಿಯಲ್ಲಿ ಕೆರೆ
ಬೇಸಿಗೆಯಲ್ಲೂ ಹೆಪ್ಪು ಬಿಟ್ಟಿರಲಿಕ್ಕಿಲ್ಲ.
ನನ್ನ ಮೊಣಕೈ ಒಂದು ಹಿಮಯುಗವಾಯಿತು.

ರಾತ್ರಿ ನಿದ್ದೆ ಬಾರದೆ ಅವರ ಹಿಂದೆ ಹೋಗುತ್ತೇನೆ.
ಪೈಪು, ಮೋರಿ, ರಾಜಕಾಲುವೆ;
ದರ್ಶಿನಿಯ ಎಂಜಲಿನ ಜೊತೆ,
ಯಾರದೋ ಸೀಮಂತದ ಹೂವಿನ ಜೊತೆ
ಬೆಳ್ಳಂದೂರು ಸೇರಿರಬೇಕು ಆ ಚಳಿಯ ಹುಳಗಳು.
ಹೂಳೆತ್ತುವ ಜೆಸಿಬಿಯ ಹಲ್ಲಿಗೆ ಸಿಗದಿದ್ದರೆ
ಇನ್ನೂ ನಾಲ್ಕೂವರೆ ಸಾವಿರ ವರ್ಷ ಅಲ್ಲಿರುತ್ತವೆ.
ಆಗ ಬರುತ್ತಾಳೆ ಒಬ್ಬಳು, ಕೊಳವೆ ಹಿಡಿದು.
ನೊರೆಯ ಪದರ, ಪಾಲಿಥೀನಿನ ಪದರ, ಸಿಮೆಂಟಿನ ಧೂಳು,
ನಡುವೆ ತಟ್ಟನೆ ಜೇನುಬಣ್ಣದ ತಲೆಗಳು.
ಎಣಿಸುತ್ತಾಳೆ. ನಂಬದೆ ಮತ್ತೆ ಎಣಿಸುತ್ತಾಳೆ.
ನಾನು ಕಳೆದ ಅಂಕಿ ಅವಳಿಗೆ ಸಿಗುತ್ತದೆ,
ಊರು ತಪ್ಪಿ.
ಆ ವರ್ಷ ಬೆಂಗಳೂರಿನಲ್ಲಿ
ಕೆರೆ ಗಟ್ಟಿಯಾಗಿತ್ತೆಂದು ಬರೆಯುತ್ತಾಳೆ,
ನಾವೆಲ್ಲ ಅದರ ಮೇಲೆ ನಡೆದೆವೆಂದು.

ಇವತ್ತು ಬೆಳಿಗ್ಗೆ ಸ್ವೆಟರು ತೊಟ್ಟು
ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ:
ಮೇಡಂ, ಆ ಇನ್ನೊಂದು ಹೋಳಿನ
ಬೀಗದ ಕೈ ಬೇಕಿತ್ತು.

ಕನ್ನಡಕ ತೆಗೆದು ನೋಡಿದರು.
ಯಾಕೆ ಮುನಿಕೃಷ್ಣ, ಅಂದರು.