ಪನ್ನೀರಿನ ಸೀಸೆ

ನಾಲೆ ಬಂದ ಮೂರನೇ ವರ್ಷ
ಭತ್ತಕ್ಕಿಂತ ಮೊದಲು ಸೊಳ್ಳೆ ಫಸಲಿಗೆ ಬಂತು
ಎಂದು ಅಪ್ಪ ಹೇಳುತ್ತಿದ್ದ, ನಗದೆ.
ಕೊತ್ತತ್ತಿಯ ಆಸ್ಪತ್ರೆಯೆಂದರೆ ಒಂದು ಹೆಂಚಿನ ಕೋಣೆ,
ಒಂದು ತಕ್ಕಡಿ, ಅವನು.

ಗಡಿಯಾರವಿಲ್ಲದ ಊರಿನಲ್ಲಿ ದಿನ ಬಿಟ್ಟು ದಿನ
ನಡುಮಧ್ಯಾಹ್ನಕ್ಕೆ ಸರಿಯಾಗಿ ಬರುತ್ತಿತ್ತು ಚಳಿ.
ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ.
ಮಕ್ಕಳ ಅಂಗಿ ಎತ್ತಿದರೆ ಎಡಪಕ್ಕೆಯ ಕೆಳಗೆ
ಗಡ್ಡೆ ಕೈಗೆ ಸಿಗುತ್ತಿತ್ತು,
ಕದ್ದು ಬಚ್ಚಿಟ್ಟ ಬೆಲ್ಲದಚ್ಚಿನ ಹಾಗೆ.

ಸೀಸೆ ಅವರವರೇ ತರಬೇಕು.
ಹರಳೆಣ್ಣೆಯದು, ಸೀಮೆಎಣ್ಣೆಯದು, ಮೂತಿ ಒಡೆದದ್ದು.
ಅಪ್ಪ ಕಾಗದದ ಪಟ್ಟಿಗೆ ಕತ್ತರಿಯಲ್ಲಿ ಹಲ್ಲು ಕೊಯ್ದು
ಗಂಜಿ ಹಚ್ಚಿ ಅಂಟಿಸುತ್ತಿದ್ದ:
ಬೆಳಗ್ಗೆ ಒಂದು ಹಲ್ಲು, ರಾತ್ರಿ ಒಂದು.
ಕ್ವಿನೈನು. ಊರ ಬಾಯಲ್ಲಿ ಕೊಯಿನಾ.
ಯಾವುದೋ ದೂರದ ಬೆಟ್ಟದ ಮರದ ತೊಗಟೆಯಂತೆ,
ಅದರ ಮುಂದೆ ಬೇವೂ ಬೆಲ್ಲ.
ನಂಬದವರ ಎದುರು ತಾನೇ ಒಂದು ಗುಟುಕು ಕುಡಿದು
ಮುಖ ಕಿವುಚದೆ ನಿಲ್ಲುತ್ತಿದ್ದ.
ಕೆಲವೊಮ್ಮೆ ನನ್ನನ್ನು ಕರೆದು
ತಿಳಿನೀರಿನಂಥ ಮದ್ದನ್ನು ಬಿಸಿಲಿಗೆ ಹಿಡಿಯುತ್ತಿದ್ದ.
ಅಂಚಿನಲ್ಲಿ ನೀಲಿ ಏಳುತ್ತಿತ್ತು;
ನೆರಳಿಗೆ ತಂದರೆ ಇಲ್ಲ.

ಬೂದನೂರಿನ ಸಣ್ಣತಾಯಮ್ಮ ಬಂದದ್ದು
ಜ್ವರವಿಲ್ಲದ ದಿನ. ಗಂಡ ಸತ್ತು ವರ್ಷ ದಾಟಿತ್ತು.
ಸೆರಗಿನಡಿಯಿಂದ ಪನ್ನೀರಿನ ಸೀಸೆ ತೆಗೆದು ಕೇಳಿದಳು:
'ಜಾಸ್ತಿ ಕುಡುದ್ರೆ ಏನಾಯ್ತದೆ, ಕಾಂಪೌಂಡರಪ್ಪ?'
ಅಪ್ಪ ಉತ್ತರ ಕೊಡಲಿಲ್ಲ.
ಬೀರುವಿಗೆ ಬೀಗ ಹಾಕಿ ಅವ್ವನನ್ನು ಕೂಗಿದ.
ಹೆಂಗಸರಿಬ್ಬರೂ ದೀಪ ಹಚ್ಚುವವರೆಗೆ ಹಿತ್ತಲಲ್ಲಿದ್ದರು.
ನನಗೆ ಗೊತ್ತಿರುವುದು ಇಷ್ಟೇ:
ಆ ಸಂಕ್ರಾಂತಿಗೆ ನನಗೊಬ್ಬ ತಮ್ಮ ಬಂದ.
ಅವ್ವನ ಹೊಟ್ಟೆ ಮುಂದೆ ಬಂದದ್ದನ್ನು
ನಾನಂತೂ ನೋಡಿರಲಿಲ್ಲ.

ಅಷ್ಟು ಗುಟುಕುಗಳ ಲೆಕ್ಕ ಕೊನೆಗೆ ಕಿವಿಗೆ ಬಿತ್ತು,
ಹಾಗಂತ ಅಪ್ಪನೇ ಹೇಳುತ್ತಿದ್ದ.
ಒಣಬೇಸಿಗೆಯಲ್ಲೂ ಜೀರುಂಡೆ ಕೂಗುತ್ತದೆ ಎನ್ನುವುದು,
ನಾಲೆ ನಿಲ್ಲಿಸಿದ ತಿಂಗಳಲ್ಲಿ ಮಗ್ಗುಲು ಬದಲಿಸಿ
'ನೀರು ಬಿಟ್ಟವ್ರಾ?' ಎಂದು ಕೇಳುವುದು.
ಬಿಟ್ಟಿದ್ದಾರೆ, ಮಲಗು ಎನ್ನುತ್ತಿದ್ದೆವು.

ಸೀಸೆ ಈಗ ಮಂಡ್ಯದಲ್ಲಿ, ತಮ್ಮನ ಬಚ್ಚಲ ಗೂಡಿನಲ್ಲಿದೆ.
ಕೊಬ್ಬರಿಎಣ್ಣೆ ಹಾಕಿಟ್ಟಿದ್ದಾರೆ.
ಹೋದಾಗೆಲ್ಲ ಹೆಬ್ಬೆರಳಿನಿಂದ ಅದರ ಮೈ ಸವರುತ್ತೇನೆ:
ಗಾಜು ನುಣ್ಣಗಿದೆ,
ಪಟ್ಟಿ ಅಂಟಿಸಿದ ಗುರುತು
ಎಲ್ಲೂ ಇಲ್ಲ.