ಬೈನೆಮರದ ತಿರುವು

ಎಂಬತ್ತಾರರ ಮಾರುತಿ. ಅದರ ಕಾರ್ಬುರೇಟರು
ಎರಡು ಮಳೆಗಾಲ ನಮ್ಮ ಅಡುಗೆಮನೆಯ ಮೇಜಿನ ಮೇಲಿತ್ತು,
ಉಪ್ಪಿನಕಾಯಿ ಭರಣಿಯ ಪಕ್ಕ.
ಜೆಟ್ಟಿನ ಕಸ ತೆಗೆಯಲು ಹೊಲಿಗೆ ಸೂಜಿ ಹಾಕಿದೆನೆಂದು
ಗೋಣಿಕೊಪ್ಪದ ಮೊಯ್ದು ಬೈದ:
"ತೂತು ದೊಡ್ಡದಾಗ್ತದೆ, ಊದಿ."
ಊದಿದೆ.
ಮೂರು ದಿನ ಬಾಯಲ್ಲಿ ಪೆಟ್ರೋಲಿನ ರುಚಿ.

ಫೆಬ್ರವರಿಯಲ್ಲಿ, ಭತ್ತ ಕೊಯ್ದ ಗದ್ದೆಯಲ್ಲಿ,
ಕೂಳೆಯ ನಡುವೆ ಸುಣ್ಣದ ಗೆರೆ, ಹಳೇ ಟೈರಿನ ಗಡಿ,
ಒಂದು ಆಂಬುಲೆನ್ಸು, ಬೇಸರಕ್ಕೆ ಮೊಬೈಲು ನೋಡುವ ಅದರ ಡ್ರೈವರು.
ನಮ್ಮ ರೇಸು ಅಷ್ಟೇ.
ಒಬ್ಬೊಬ್ಬರೇ ಓಡಿಸುವುದು, ಎದುರಾಳಿ ಗಡಿಯಾರ.
ತಪ್ಪಿದರೆ ಬದು. ಬದುವಿಗೆ ಸಿಟ್ಟಿಲ್ಲ.
ಹೋದ ವರ್ಷ ಹತ್ತೊಂಬತ್ತು ಜನರಲ್ಲಿ ನಾನು ಹದಿನೇಳನೆಯವಳು.

ಆಮೇಲೆ ಟೀವಿಯವರು ಬಂದರು.
"ಧೂಳು ಚೆನ್ನಾಗಿದೆ ಮೇಡಂ,
ಆದ್ರೆ ರಿಸ್ಕ್ ಕಾಣಲ್ಲ" ಎಂದ ಕ್ಯಾಪು ಹಾಕಿದ ಹುಡುಗ.
ಕಾಣದಿರಲಿ ಎಂದೇ ಅಲ್ಲವೇ
ಬೆಳಗೆಲ್ಲ ಟೈರು ಉರುಳಿಸಿದ್ದು.

ರಿಸ್ಕ್ ಹುಡುಕಿಕೊಂಡು ಅವರು ರಸ್ತೆಗೆ ಹೋದರು.
ರಾತ್ರಿ, ಕಾಗದಪತ್ರ ಮಾಡಿಸಿ, ಎರಡೂ ಕಡೆ ಹಗ್ಗ ಕಟ್ಟಿ,
ಬೈನೆಮರದ ತಿರುವಿನಲ್ಲಿ ಎಂಟು ಕ್ಯಾಮೆರಾ, ಮೇಲೊಂದು ಡ್ರೋನು.
ತೋಟದ ನಾಯಿಗಳೆಲ್ಲ ಬೊಗಳಿದ್ದೇ ಬೊಗಳಿದ್ದು.
ಟೀವಿಯಲ್ಲಿ ಬಂದಾಗ ಹಗ್ಗ ಇರಲಿಲ್ಲ. ನಾಯಿ ಇರಲಿಲ್ಲ.
ಪೇದೆ ಕುರ್ಚಿಯಲ್ಲಿ ಕೂತು ಚಹಾ ಕುಡಿದದ್ದೂ ಇರಲಿಲ್ಲ.
ಬರೀ ಎರಡು ಜೋಡಿ ಬೆಳಕು, ಅಡಿಯಲ್ಲಿ ಡೋಲಿನ ಸದ್ದು,
ಮೂಲೆಯಲ್ಲಿ ಇರುವೆಯಷ್ಟು ಅಕ್ಷರ:
ನುರಿತವರಿಂದ ಮಾತ್ರ, ಅನುಕರಿಸಬೇಡಿ.

ನಾನೂ ನೋಡಿದೆ. ಸುಳ್ಳು ಯಾಕೆ, ಎರಡು ಸಲ ನೋಡಿದೆ.
ಗೇರು ಬೀಳುವ ಆ ಸದ್ದಿಗೆ
ಸೋಫಾದ ಕೆಳಗೆ ನನ್ನ ಎಡಗಾಲು
ತಾನಾಗಿ ಕ್ಲಚ್ಚು ತುಳಿಯಿತು.

"ಆಂಟಿ, ನಮ್ಮ ರೋಡು ಟೀವೀಲಿ!" ಎಂದ ದಿಲನ್,
ಪಕ್ಕದ ತೋಟದವನು, ಪಿಯುಸಿ,
ಸ್ಪ್ಯಾನರು ಹಿಡಿಯುವುದನ್ನು ನಾನೇ ಕಲಿಸಿದ ಹುಡುಗ.
ಸೈಲೆನ್ಸರು ಕತ್ತರಿಸಲು ಗರಗಸ ಕೇಳಿದ.
ಕೊಟ್ಟೆ.
ಯಾಕೆ ಎಂದು ಕೇಳಿದೆನೋ ಇಲ್ಲವೋ,
ನೆನಪು ದಿನಕ್ಕೊಂದು ಹೇಳುತ್ತದೆ.

ಬೆಳಿಗ್ಗೆ ಆರೂಮುಕ್ಕಾಲಿಗೆ ಆ ತಿರುವು ಬೇರೆ.
ಹಾಡಿಯಿಂದ ಹೆಂಗಸರು ಬಂದು ನಿಲ್ಲುತ್ತಾರೆ, ತೋಟದ ಜೀಪಿಗೆ.
ತಲೆಗೆ ಟವೆಲು, ಕಂಕುಳಲ್ಲಿ ಗೋಣಿಚೀಲ, ಸ್ಟೀಲಿನ ಬುತ್ತಿ.
ಮಂಜು ಎಷ್ಟೆಂದರೆ
ಮಾತು ಮೊದಲು ಬರುತ್ತದೆ, ಮುಖ ಆಮೇಲೆ.

ಅಮ್ಮಿಣಿಯ ಬುತ್ತಿ
ಮೂರನೇ ಸಾಲಿನ ಕಾಫಿಗಿಡದ ಮೇಲೆ ಸಿಕ್ಕಿತು,
ಮುಚ್ಚಳ ಬಿಗಿಯಾಗಿಯೇ ಇತ್ತು.
ಬದುಕಿದಳು. ಬಲಗಾಲಿಗೆ ಕಬ್ಬಿಣ ಹಾಕಿದ್ದಾರೆ, ಮೈಸೂರಿನಲ್ಲಿ.
ಕಿಲೋಗಿಷ್ಟು ಎಂದು ಕೂಲಿ, ಇಳಿಜಾರಿನ ತೋಟ;
ಲೆಕ್ಕ ನೀವೇ ಹಾಕಿ.
ದಿಲನ್‌ಗೆ ಎರಡು ಹಲ್ಲು ಹೋಯಿತು, ಮಾತೂ ಅಷ್ಟಿಷ್ಟು.

ಈಗ ಪೊನ್ನಂಪೇಟೆಯಲ್ಲಿ ನನ್ನ ಮಾರುತಿಗೆ ಕೈ ಅಡ್ಡ.
ಬಾನೆಟ್ಟು ತೆಗೀರಿ. ಇದೂ ರೇಸಿನ ಗಾಡಿಯಾ?
ಅರವತ್ತು ದಾಟಿದರೆ ಕನ್ನಡಿ ಕಳಚುವ ಗಾಡಿ ಸ್ವಾಮಿ.
ಮೊಯ್ದುವಿನ ಶೆಡ್ಡಿಗೆ ನೋಟಿಸು.
ಗದ್ದೆಯ ರೇಸಿಗೆ ಈ ಸಲ ಅನುಮತಿ ಇಲ್ಲ;
ಮೊನ್ನೆ ನೋಡಿದೆ, ಸುಣ್ಣದ ಗೆರೆ ಇರಬೇಕಾದಲ್ಲಿ ದನ ಮೇಯುತ್ತಿತ್ತು.
ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದರೆ
ಕ್ಯಾಪಿನ ಹುಡುಗ, ದಿಲನ್, ಚಹಾದ ಪೇದೆ, ಸಾಲಾಗಿ ನಿಂತರು.
ಸಾಲಿನ ಕೊನೆಗೆ, ಗರಗಸ ಹಿಡಿದು, ನಾನು.

ಮಂಗಳವಾರ ಅಮ್ಮಿಣಿಯನ್ನು ಡ್ರೆಸ್ಸಿಂಗಿಗೆ ಕರೆದೊಯ್ಯುತ್ತೇನೆ,
ಕಾಲು ಚಾಚಲೆಂದು ಮುಂದಿನ ಸೀಟು ಹಿಂದೆ ತಳ್ಳಿ.
ವಾರ್ಡಿನ ಟೀವಿಯಲ್ಲಿ ಆ ಕಾರ್ಯಕ್ರಮ ಮತ್ತೆ ಬಂದಿತ್ತಂತೆ.
"ನಮ್ಮ ಬೈನೆಮರ ಕಂಡಿತು ಅಮ್ಮಾ, ಚಂದ ಕಂಡಿತು.
ನಾವು ನಿಲ್ಲುವ ಜಾಗ ಖಾಲಿ ಇತ್ತು."

ತಿರುವು ಬಂತು. ಎರಡನೇ ಗೇರಿಗೆ ಇಳಿಸಿದೆ.
ಇಪ್ಪತ್ತರ ವೇಗದಲ್ಲೂ ಅವಳ ಕೈ
ಸೀಟಿನ ಅಂಚನ್ನು ಹಿಡಿದುಕೊಂಡಿತು.